ಪರೀಕ್ಷೆಗೆ ಹೋದ ಹಾಲು

ನನ್ನ ತಮ್ಮ ಯಾರ ಮನೆಗೆ ಹೋದರೂ ಮೊದಲು ಗೋಡೆಯ ಗೂಡು ನೋಡುತ್ತಿದ್ದ. ನಮ್ಮ ಕಡೆಯ ಮನೆಗಳಲ್ಲಿ ಉಳಿದ ಮಾತ್ರೆಗಳು ಇರುವುದು ಅಲ್ಲೇ, ಬಾಚಣಿಗೆ, ವಿಭೂತಿ ಗಟ್ಟಿ, ಕರೆಂಟು ಬಿಲ್ಲಿನ ಜೊತೆಯಲ್ಲಿ. ಅರ್ಧ ಖಾಲಿಯಾದ ಮಾತ್ರೆ ಶೀಟು ಸಿಕ್ಕರೆ ಹಿಂದುಮುಂದು ತಿರುಗಿಸಿ ಓದಿ, "ಇದನ್ನ ಯಾರು ತಗೊಂಡಿದ್ದು? ಮಧ್ಯದಲ್ಲಿ ಯಾಕೆ ನಿಲ್ಸಿದ್ರಿ?" ಎಂದು ಶುರು ಮಾಡುತ್ತಿದ್ದ. ಮದುವೆ ಮನೆ, ತಿಥಿ ಮನೆ ಅಂತಿಲ್ಲ. ನಮ್ಮ ದೊಡ್ಡಪ್ಪನ ಮಗ ಅವನು ಬರುವುದನ್ನು ಕಂಡರೆ, "ಬಂದ ಕಣ್ರಪ್ಪೋ ಮಾತ್ರೆ ಅಮಲ್ದಾರ! ಗೂಡ್ನಲ್ಲಿರೋದೆಲ್ಲ ಎತ್ತಿ ಒಳಗಿಡಿ" ಎಂದು ಕೂಗುತ್ತಿದ್ದ. ಜನ ನಗುತ್ತಿದ್ದರು. ನಗುತ್ತಲೇ ಎತ್ತಿಡುತ್ತಿದ್ದರು.

ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ. ನಂಜನಗೂಡಿನ ಬಾಡಿಗೆ ಮನೆಯಲ್ಲಿ, ಮೈಸೂರಿನ ರೈಲಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ನಮ್ಮ ತವರೂರು ದೇವನೂರಿನಲ್ಲಿ ಅದನ್ನು ಒಪ್ಪಿದವರು ಕಡಿಮೆ. "ಅದೆಂತದೋ ರೋಗದ ಉಳ ಸಾಕೊಂಡಿದ್ನಂತಲ್ಲ, ಅವೇ ತಿಂದಾಕುದ್ವು" ಎಂದರು. ಕಂಪ್ಯೂಟರಿನ ಮುಂದೆ ಕೂರುವವನನ್ನು ಹುಳ ಹೇಗೆ ತಿನ್ನುತ್ತದೆ ಎಂದು ಕೇಳುವ ಬಾಯಿ ನನಗಿರಲಿಲ್ಲ. ಅವರೆಲ್ಲರಿಗಿಂತ ಹೆಚ್ಚು ಅವನ ಮೇಲೆ ಅನುಮಾನ ಪಟ್ಟವಳು ನಾನು. ಆ ಅನುಮಾನದಿಂದ ಅವನ ಕೆಲಸ ಕೆಟ್ಟಿತು. ಏನೂ ತಪ್ಪು ಮಾಡದ ಒಬ್ಬ ಹುಡುಗಿಯ ಹೆಸರೂ ಕೆಟ್ಟಿತು. ಅವಳ ಹೆಸರನ್ನಾದರೂ ಸರಿಮಾಡಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ತಮ್ಮನ ಹೆಸರು ಬರೆಯಲು ಕೈ ಬರುತ್ತಿಲ್ಲ.

ಅವನು ಚಿಕ್ಕಂದಿನಿಂದಲೂ ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ತೆಂಗಿನಕಾಯಿಯನ್ನು ಅಲ್ಲಾಡಿಸಿ ಕಿವಿಗಿಟ್ಟು ಕೇಳಿದ ಮೇಲೇ ಒಡೆಯಲು ಕೊಡುತ್ತಿದ್ದ. ಸಾರಿನ ಲೋಟ ಮೂಗಿಗೆ ಹಿಡಿದು ಮೂಸಿ, ಅವ್ವನಿಂದ ಬೈಸಿಕೊಂಡು, ಆಮೇಲೆ ಕುಡಿಯುತ್ತಿದ್ದ. ಆದರೆ ನನ್ನ ವಿಷಯದಲ್ಲಿ ಹಾಗಿರಲಿಲ್ಲ. ಊರಿನ ನಾಲೆಯಲ್ಲಿ ಈಜಲು ಹೋದಾಗ ಹುಡುಗರೆಲ್ಲ "ಬೀಳ್ಲಾ, ಇಲ್ಲಿ ಆಳ ಇಲ್ಲ ಕಣ್ಲಾ" ಎಂದು ಕೂಗಿದರೂ ಏರಿಯ ಮೇಲೆ ನಿಂತೇ ಇರುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ನನ್ನ ಕಡೆ ತಿರುಗುತ್ತಿದ್ದ. ನಾನು ತಲೆ ಆಡಿಸಿದರೆ ಕಣ್ಣು ಮುಚ್ಚಿ ಬೀಳುತ್ತಿದ್ದ.

ನಾನು ಏಳನೇ ಕ್ಲಾಸಿಗೆ ನಿಂತೆ. ಅವನು ನಿಲ್ಲಲೇ ಇಲ್ಲ. ನಾನು ಮದುವೆಯಾಗಿ ಟಿ. ನರಸೀಪುರ ತಾಲ್ಲೂಕಿಗೆ, ಸೋಮನಾಥಪುರದ ಪಕ್ಕದ ಊರಿಗೆ ಬಂದೆ. ಅವನು ಓದಿ ಓದಿ ಮೈಸೂರಿನ ಒಂದು ಸಂಶೋಧನಾ ಕೇಂದ್ರ ಸೇರಿದ. ಏನು ಕೆಲಸ ಎಂದು ಕೇಳಿದರೆ, ಮದ್ದು ಹುಡುಕುವುದು ಎನ್ನುತ್ತಿದ್ದ. ಅವನ ಕೈಯಲ್ಲಿ ಮದ್ದಿನ ವಾಸನೆಯಿರಲಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಸುರುಳಿಗಳನ್ನು ತೋರಿಸುತ್ತಿದ್ದ, ಹೆಣ್ಣುಮಕ್ಕಳು ಜಡೆಗೆ ಕಟ್ಟುವ ಟೇಪು ಗಂಟು ಬಿದ್ದ ಹಾಗೆ ಇರುತ್ತಿದ್ದವು.

"ಮದ್ದು ಹುಡ್ಕೋನು ಮದ್ದೇ ಮುಟ್ಟಲ್ಲ ಅಂದ್ರೆ ಎಂಗ್ಲಾ? ಇದಕ್ಕೆ ಸಂಬಳ ಕೊಟ್ಟಾರಾ?" ಎಂದಿದ್ದೆ ಒಂದು ಸಲ.

ಅವನು ನನ್ನನ್ನು ಗದ್ದೆಯ ಮೋಟಾರಿನ ಹತ್ತಿರ ಕರೆದುಕೊಂಡು ಹೋದ. ಮಳೆ ನೀರು ನಿಂತ ಗುಂಡಿಯಿಂದ ನಮ್ಮ ಯಜಮಾನರು ನೀರು ಎತ್ತಿ ಆಚೆಗೆ ಬಿಡುತ್ತಿದ್ದರು.

"ನೋಡಕ್ಕ, ರೋಗಾಣು ಅಂದ್ರೆ ಈ ಗುಂಡಿ ಅಂದ್ಕೊ. ನಾವು ಕೊಡೋ ಮದ್ದು ಒಳಗೆ ನುಗ್ತದೆ. ಹಿಂದೆ ನುಗ್ಗಿದ ತಕ್ಷಣ ಸಾಯ್ತಿದ್ವು. ಈಗ ಅವೂ ಪಂಪ್ ಇಟ್ಕೊಂಡಿದಾವೆ. ಮದ್ದು ಒಳಗೆ ಬಂದಂಗೇ ಎತ್ತಿ ಆಚೆಗೆ ಬಿಸಾಕ್ತವೆ."

"ಅವುಕ್ಕೆ ಕರೆಂಟು ಕೊಡೋರ್ಯಾರು?"

ಅವನಿಗೆ ಎಷ್ಟು ಖುಷಿಯಾಯಿತು ಎಂದರೆ ಗದ್ದೆಯ ಬದುವಿನ ಮೇಲೇ ಕುಳಿತುಬಿಟ್ಟ. "ಅಕ್ಕ, ಇದನ್ನ ನಮ್ಮ ಆಫೀಸಲ್ಲಿ ಕೇಳೋಕೆ ಜನಕ್ಕೆ ವರ್ಷ ಹಿಡೀತದೆ" ಎಂದ. ಆಮೇಲೆ ಹೇಳಿದ: "ಆ ಪಂಪಿನ ಬಾಯಿಗೆ ಸಿಕ್ಕಾಕೊಳ್ಳೋ ಅಂಥ ಒಂದು ಕಲ್ಲು ಬೇಕು. ಲಕ್ಷಗಟ್ಲೆ ಕಲ್ಲವೆ. ಒಂದೊಂದನ್ನೇ ಕೈಯಲ್ಲಿ ಇಟ್ಟು ನೋಡೋಕೆ ನನ್ನ ಆಯಸ್ಸು ಸಾಲಲ್ಲ. ಕಂಪ್ಯೂಟರು ಪಂಪಿನ ಆಕಾರ ಮಾಡ್ಕೊಂಡು, ಯಾವ ಕಲ್ಲು ಕೂರ್ಬೋದು ಅಂತ ಆರಿಸಿ ಕೊಡ್ತದೆ. ಕೂತ್ರೆ ಹಳೇ ಮದ್ದೇ ಮತ್ತೆ ಕೆಲಸ ಮಾಡ್ತದೆ."

ನನಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಅನುಮಾನ ಹೆಚ್ಚಾಯಿತು. ಆ ರೋಗಾಣು ಪಂಪ್ ಇಟ್ಟುಕೊಂಡದ್ದು ಯಾಕೆ ಎಂದು ಅವನು ಹೇಳದಿದ್ದರೂ ನನಗೆ ಗೊತ್ತಿತ್ತು. ಗೂಡಿನಲ್ಲಿ ಅರ್ಧಕ್ಕೆ ಬಿಟ್ಟ ಮಾತ್ರೆ, ಕೊಟ್ಟಿಗೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ ಸೂಜಿ. ಇವನು ಕಲ್ಲು ಹುಡುಕುತ್ತಿದ್ದಾನೋ, ಕಳ್ಳರನ್ನು ಹುಡುಕುತ್ತಿದ್ದಾನೋ?

ನರಸೀಪುರದ ಮೆಡಿಕಲ್ ಸ್ಟೋರೊಂದರಲ್ಲಿ ನಾನೂ ತಮ್ಮನೂ ತಲೆನೋವಿನ ಮಾತ್ರೆಗೆಂದು ನಿಂತಿದ್ದಾಗ ಆದದ್ದನ್ನು ಹೇಳಬೇಕು. ನಮ್ಮ ಮುಂದಿದ್ದ ಗಂಡಸೊಬ್ಬ ಗಂಟಲು ನೋವಿಗೆ ಎರಡು ಕ್ಯಾಪ್ಸೂಲು ಕೇಳಿದ. ಅಂಗಡಿಯವನು ಕತ್ತರಿಯಿಂದ ಕತ್ತರಿಸಿ ಕೊಟ್ಟ. ತಮ್ಮ ತಡೆಯಲಾರದೆ ಕೈ ಅಡ್ಡ ಹಿಡಿದ.

"ಸಾರ್, ಇದನ್ನ ಡಾಕ್ಟರ ಚೀಟಿ ಇಲ್ದೆ ಎರಡೇ ಎರಡು ಕೊಡಬಾರ್ದು."

"ನೀವೇನ್ ಡಾಕ್ಟ್ರಾ?"

"ಅಲ್ಲ."

"ಪೊಲೀಸಾ?"

"ಅಲ್ಲ."

"ಮತ್ತೆ ಪಕ್ಕಕ್ಕೆ ನಿಂತ್ಕೊಳ್ಳಿ ಸಾ. ಗಂಟ್ಲು ನೋಯ್ತಿರೋದು ಅವ್ರಿಗೆ, ಉರೀತಿರೋದು ನಿಮ್ಗೆ."

ಎಲ್ಲರೂ ನಕ್ಕರು. ನಾನೂ ಸೆರಗು ಅಡ್ಡ ಹಿಡಿದು ನಕ್ಕೆ. ಅವನಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು, ಕ್ಯಾಪ್ಸೂಲು ಕೊಂಡವನ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಏನೋ ಹೇಳಿ ಬಂದ. ಮುಖಕ್ಕೆ ನಕ್ಕವರ ಹಿಂದೆ ಹೀಗೆ ಹೋಗುವ ಮನುಷ್ಯನ ಬಗ್ಗೆ ಭಯವಾಗುತ್ತದೆ. ನನಗೆ ಆಯಿತು.

ಯಾಕೆಂದರೆ ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು, ಕೆಂಪು ಒಂದು, ಕಪ್ಪು ಒಂದು. ಕಪ್ಪು ಹಸುವಿಗೆ ಪದೇ ಪದೇ ಕೆಚ್ಚಲು ಬಾವು. ಒಂದು ಮೊಲೆ ಕಲ್ಲಿನಂತಾಗಿ ಹಾಲು ಗಸಿಗಸಿಯಾಗಿ ಬರುತ್ತಿತ್ತು. ಡಾಕ್ಟರು ಬಂದು ಸೂಜಿ ಹಾಕಿ, ಇನ್ನು ಇಷ್ಟು ದಿನ ಹಾಕಿ, ಅಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಎಂದು ಹೇಳಿ ಹೋಗುತ್ತಿದ್ದರು. ಹೇಳಿದಷ್ಟು ದಿನ ನಮ್ಮ ಬೀದಿಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಗಸಿ ನಿಂತರೆ ಸೂಜಿಯೂ ನಿಲ್ಲುತ್ತಿತ್ತು. ಉಳಿದ ಮದ್ದು ಪಕ್ಕದ ಮನೆಯ ಹಸುವಿಗೆ. ಅವರಲ್ಲಿ ಉಳಿದದ್ದು ಮುಂದಿನ ಸಲ ನಮಗೆ. ಸೂಜಿ ಚುಚ್ಚುವುದನ್ನು ನಾನೇ ಕಲಿತಿದ್ದೆ. ಹಾಲನ್ನು ಕೆಂಪು ಹಸುವಿನ ಹಾಲಿಗೆ ಬೆರೆಸಿ ಕ್ಯಾನು ತುಂಬಿಸುತ್ತಿದ್ದೆ. ಯಾರೂ ಇದನ್ನು ತಪ್ಪು ಎಂದುಕೊಂಡಿರಲಿಲ್ಲ. ಹೊರಗಿನವರ ಮುಂದೆ ಹೇಳುತ್ತಲೂ ಇರಲಿಲ್ಲ.

ತಮ್ಮ ಈ ಕಪ್ಪು ಹಸುವಿನ ವಿಷಯ ಕೇಳಿ ಕುಣಿದುಬಿಟ್ಟ. ಲ್ಯಾಬಿನಲ್ಲಿ ಬೆಳೆಸಿದ ರೋಗಾಣುಗಳು ಸಾಕಿದ ಗಿಣಿಯ ಹಾಗೆ, ಕೊಟ್ಟ ಮದ್ದಿಗೆಲ್ಲ ಸಾಯುತ್ತವೆ, ಊರಿನ ರೋಗಾಣು ಬೇಕು ಎಂದ. ಒಂದು ಭಾನುವಾರ ತನ್ನ ಜೊತೆ ಲ್ಯಾಬಿನ ಹುಡುಗಿಯೊಬ್ಬಳನ್ನು ಕರೆತಂದ. ತಲಕಾಡಿನವಳು. ಸಣ್ಣಗಿದ್ದಳು, ಮಾತು ಕಡಿಮೆ. ನಾನು ಹಾಲು ಕರೆಯಲು ಕುಳಿತರೆ, "ಒಂದ್ನಿಮಿಷ ಅಕ್ಕೋರೆ" ಎಂದು ಸ್ಪಿರಿಟ್ ಹತ್ತಿಯಿಂದ ಮೊಲೆಯ ತುದಿ ಒರೆಸಿದಳು. ಮೊದಲ ಹಾಲು ನೆಲಕ್ಕೆ ಬಿಡಿಸಿದಳು. ಬಾಟಲಿಗೆ ಚೀಟಿ ಅಂಟಿಸಿ, ಬರೆದದ್ದನ್ನು ಗಟ್ಟಿಯಾಗಿ ಓದಿ, ಇನ್ನೊಮ್ಮೆ ಹಸುವನ್ನು ನೋಡಿದಳು. ಅಷ್ಟು ಜೋಪಾನವಾಗಿ ಕೆಲಸ ಮಾಡುವ ಕೈಯನ್ನು ನಾನು ಕಂಡಿರಲಿಲ್ಲ. ಇದು ನಾನು ಕಣ್ಣಾರೆ ನೋಡಿದ್ದು.

ಸ್ವಲ್ಪ ಕಾಲದ ಮೇಲೆ ತಮ್ಮನ ಫೋನು ಬಂತು. "ಅಕ್ಕ, ನಿನ್ನ ಹಸು ರೋಗಾಣು ಭಾರಿ ಘಾಟಿ! ಯಾವ ಮದ್ದಿಗೂ ಬಗ್ತಿಲ್ಲ." ಅದರ ಪಂಪಿನ ಆಕಾರವನ್ನೇ ಕಂಪ್ಯೂಟರಿನಲ್ಲಿ ಕಟ್ಟಿದ್ದ. ಲಕ್ಷದಲ್ಲಿ ಸೋಸಿ ಸೋಸಿ ಕೈಬೆರಳಲ್ಲಿ ಎಣಿಸುವಷ್ಟು ಕಲ್ಲು ಉಳಿಸಿಕೊಂಡಿದ್ದ. ಅದರಲ್ಲಿ ಒಂದನ್ನು ಹಳೇ ಮದ್ದಿಗೆ ಸೇರಿಸಿದಾಗ ಘಾಟಿ ರೋಗಾಣು ಸತ್ತಿತ್ತು. "ಒಂದ್ಸಲ ಆದ್ರೆ ಸಾಲ್ದು. ಅದೇ ಹಸೀಗೆ ಮತ್ತೆ ಬಾವು ಬಂದಾಗ ಹೇಳು, ಹೊಸ ಹಾಲಲ್ಲಿ ಇನ್ನೊಂದ್ಸಲ ನೋಡ್ಬೇಕು" ಎಂದ.

ಆ ದಿನಗಳಲ್ಲೇ ನಮ್ಮ ಡೇರಿಯಲ್ಲಿ ಒಬ್ಬರ ಕ್ಯಾನು ವಾಪಸಾಯಿತು. ಹಾಲಿನಲ್ಲಿ ಮದ್ದಿನ ಅಂಶ ಸಿಕ್ಕಿತ್ತು. "ಇನ್ಮೇಲೆ ಮೇಲಿನೋರೇ ಬಂದು ಟೆಸ್ಟ್ ಮಾಡ್ತಾರಂತೆ. ಇಲ್ಲೀ ವಿಸ್ಯ ಅಲ್ಲಿಗೆ ಯಾರೋ ಮುಟ್ಸವ್ರೆ" ಎಂದು ಸೆಕ್ರೆಟ್ರಿ ಎಲ್ಲರೆದುರು ಹೇಳಿದ. ಹೇಳುವಾಗ ನನ್ನ ಕಡೆ ನೋಡಿದನೋ, ನನಗೆ ಹಾಗನಿಸಿತೋ.

ಮನೆಗೆ ಬಂದರೆ ನಮ್ಮ ಯಜಮಾನರು ಅದನ್ನೇ ಹಿಡಿದು ಕುಳಿತಿದ್ದರು. "ನಿನ್ ತಮ್ಮ ಬಾಟ್ಲಿ ತುಂಬ್ಕೊಂಡು ಓದ. ಅದಾದ್ಮೇಕೆ ಇದಾಯ್ತು. ನಾನೇನೂ ಏಳಕ್ಕಿಲ್ಲ ಕಣಮ್ಮಿ. ನೀನೇ ಯೋಚ್ನೆ ಮಾಡು."

"ಅವ್ನು ಅಂಗೆಲ್ಲ ಮಾಡೋನಲ್ಲ."

"ಮಾಡೋನಲ್ದಿದ್ರೆ ನಮ್ಮನೆ ಅಸೀನೇ ಯಾಕೆ ಬೇಕಿತ್ತು? ಮೈಸೂರಲ್ಲಿ ಅಸ ಇಲ್ವಾ?"

ಅವನು ಫೋನು ಮಾಡಿದಾಗಲೆಲ್ಲ ಅದೇ ಪ್ರಶ್ನೆಗಳು. ಯಾವ ಸೂಜಿ ಹಾಕಿದೆ, ಎಷ್ಟು ದಿನ ಹಾಕಿದೆ, ಹಾಲು ಏನು ಮಾಡಿದೆ. ತಂಗಾಳಿಯ ಹಾಗೆ ಕೇಳುತ್ತಿದ್ದ. ಪೊಲೀಸರೂ ಮೊದಲು ಹಾಗೇ ಕೇಳುತ್ತಾರೆ ಎಂದು ನನಗೆ ಅನಿಸತೊಡಗಿತು.

ಕಪ್ಪು ಹಸುವಿಗೆ ಮತ್ತೆ ಬಾವು ಬಂತು. ನಾನಾಗಿ ಹೇಳಲಿಲ್ಲ. ಅವನೇ ಕೇಳಿದಾಗ ಬಾಯಿ ತಪ್ಪಿ ಹೂಂ ಎಂದೆ. ನಾಳೆ ಬೆಳಿಗ್ಗೆ ಲ್ಯಾಬಿನ ಹುಡುಗಿ ಬರುತ್ತಾಳೆ, ಅವಳು ಬಂದ ಮೇಲೆ ಹಾಲು ಕರೆದು ಕೊಡು ಎಂದ.

ಅವಳು ಬರುವುದಕ್ಕೆ ಮುಂಚೆಯೇ ನಾನು ಹಾಲು ಕರೆದೆ. ಹಿಂದಿನ ಸಲ ಅವರು ಬಿಟ್ಟುಹೋಗಿದ್ದ ಬಾಟಲಿಯನ್ನು ಕೆಂಪು ಹಸುವಿನ ಹಾಲಿನಿಂದ ತುಂಬಿದೆ. ಹೆದರಿಕೆ ಒಂದೇ ಕಾರಣವಲ್ಲ. ಡೇರಿಗೆ ಹಾಲು ಹಾಕುವ ಹೆಂಗಸಿನ ಕೈಗೆ ಒಂದು ರೂಢಿಯಿದೆ. ಪರೀಕ್ಷೆಗೆ ಹೋಗುವ ಹಾಲು ಎಂದರೆ ಒಳ್ಳೆಯ ಹಾಲೇ ಹೋಗಬೇಕು. ಗಸಿ ಹಾಲನ್ನು ಯಾರಾದರೂ ಬೇಕೆಂದು ಪರೀಕ್ಷೆಗೆ ಕೊಡುತ್ತಾರೆಯೇ? ಕೆಟ್ಟ ಹಾಲೇ ಬೇಕು ಎನ್ನುವ ಪರೀಕ್ಷೆ ಇದೆ ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಹುಡುಗಿ ಬಾಗಿಲಲ್ಲೇ ನಿಂತಳು. "ನಾನು ಬರೋಗಂಟ ಇರ್ಬೇಕಿತ್ತು ಅಕ್ಕೋರೆ. ಮೊಲೆ ಒರ್ಸಿದ್ರಾ?"

"ಒರ್ಸಿದೆ ಕಣವ್ವ."

"ಕಪ್ಪು ಹಸೀದೇ ಅಲ್ವಾ?"

"ಇನ್ಯಾವುದು ಮತ್ತೆ?"

ಅವಳು ಬಾಟಲಿಯನ್ನೂ ನನ್ನನ್ನೂ ನೋಡಿದಳು. ಬಸ್ಸಿಗೆ ಹೊತ್ತಾಗಿತ್ತು. ಚೀಟಿ ಬರೆದು ಅಂಟಿಸಿ, ಐಸಿನ ಡಬ್ಬಿಯಲ್ಲಿಟ್ಟುಕೊಂಡು ಹೋದಳು.

ಕಾಯಿಲೆಯಿಲ್ಲದ ಹಸುವಿನ ಹಾಲಿನಲ್ಲೂ ಅಷ್ಟಿಷ್ಟು ರೋಗಾಣು ಇರುತ್ತದಂತೆ; ಆ ಹಾಲಿನ ರೋಗಾಣು ಬರೀ ಹಳೇ ಮದ್ದಿಗೇ ಸತ್ತುಹೋಯಿತು. ತಮ್ಮನ ಕಲ್ಲು ಬೇಕೇ ಆಗಲಿಲ್ಲ. ಒಂದೇ ಹಸುವಿನ ರೋಗಾಣು ಒಂದು ಸಲ ಘಾಟಿ, ಇನ್ನೊಂದು ಸಲ ಸಾಧು ಎಂದರೆ, ಎಲ್ಲೋ ಬಾಟಲಿ ಬದಲಾಗಿರಬೇಕು. ಹಾಗಾದರೆ ಮೊದಲು ಬಂದ ಫಲವನ್ನೂ ನಂಬುವ ಹಾಗಿಲ್ಲ. ಅವರ ಮೇಲಿನವರು ಹೀಗೆ ಲೆಕ್ಕ ಹಾಕಿದರು. ತಮ್ಮನ ಕೆಲಸವನ್ನು ಪಕ್ಕಕ್ಕೆ ಇಟ್ಟರು. ಹುಡುಗಿಗೆ ಇನ್ನು ಕೆಲಸಕ್ಕೆ ಬರಬೇಡ ಎಂದರು.

ತಮ್ಮ ಅಂದು ಫೋನಿನಲ್ಲಿ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. "ಎಲ್ಲಾನೂ ಯೋಚನೆ ಮಾಡ್ದೆ ಅಕ್ಕ. ಕರೆದು ಕೊಟ್ಟೋಳು ನೀನು. ಅಲ್ಲಿ ಇಸ್ಕೊಂಡೋನು ನಾನು. ಮಧ್ಯದಲ್ಲಿ ಇದ್ದದ್ದು ಅವಳೊಬ್ಳೇ. ಅವಳೇ ಅದಲುಬದಲು ಮಾಡಿರ್ಬೇಕು, ಅಲ್ವಾ?"

ನನ್ನ ಕೈಯಲ್ಲಿ ಸಗಣಿಯಿತ್ತು. ಫೋನನ್ನು ಭುಜಕ್ಕೂ ಕಿವಿಗೂ ಒತ್ತಿ ಹಿಡಿದಿದ್ದೆ. ಅವನು ನಾಲೆಯ ಏರಿಯ ಮೇಲೆ ನಿಂತು ನನ್ನ ಕಡೆ ತಿರುಗಿದ್ದ.

"ಇರ್ಬೋದು" ಎಂದೆ.

ಆಮೇಲೆ ಅವನು ಬದುಕಿದ್ದಷ್ಟು ದಿನ ಹೇಳಲು ಅವಕಾಶವಿರಲಿಲ್ಲ ಎಂದರೆ ಸುಳ್ಳು. ಹಬ್ಬಕ್ಕೆ ಬಂದ, ಉಂಡ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ. ಗೂಡು ನೋಡುವುದನ್ನು ಬಿಟ್ಟಿದ್ದ. ಹಸುವಿನ ಬಗ್ಗೆ ಒಂದು ಮಾತು ಕೇಳುತ್ತಿರಲಿಲ್ಲ. ನಮ್ಮ ಯಜಮಾನರು "ಈಗ ಒಸಿ ಮನ್ಸ ಆದ ಬುಡು" ಎಂದರು. ಪ್ರಶ್ನೆ ಕೇಳದ ಅವನನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ನನ್ನನ್ನೂ ಬೇರೆಯವರನ್ನು ನೋಡುವ ಹಾಗೆ ನೋಡುತ್ತಾನೆ ಎಂಬ ಭಯ.

ಅವನ ಮಣ್ಣಿಗೆ ಆಫೀಸಿನಿಂದ ಸುಮಾರು ಜನ ಬಂದಿದ್ದರು. ಆ ಹುಡುಗಿ ಬರಲಿಲ್ಲ. ಬಂದವರಲ್ಲಿ ಒಬ್ಬರು, ಅವಳಿಗೆ ಬೇರೆ ಲ್ಯಾಬಿನಲ್ಲೂ ಕೆಲಸ ಸಿಗಲಿಲ್ಲ, ತಲಕಾಡಿನಲ್ಲಿ ಅಪ್ಪನ ಅಂಗಡಿಯಲ್ಲಿ ಕೂರುತ್ತಾಳೆ ಎಂದರು.

ತಮ್ಮನ ಉತ್ತರಕ್ರಿಯೆ, ಶಿವಗಣಾರಾಧನೆ ಮುಗಿದ ಮೇಲೆ ನಾನು ತಲಕಾಡಿಗೆ ಹೋದೆ. ದೇವಸ್ಥಾನದ ಕಡೆಯ ಮರಳು ದಾರಿಯ ಆರಂಭದಲ್ಲಿ, ಹಣ್ಣುಕಾಯಿ, ಊದುಬತ್ತಿ, ತಣ್ಣನೆಯ ನೀರಿನ ಬಾಟಲಿ ಮಾರುವ ಅಂಗಡಿ. ನನ್ನನ್ನು ಕಂಡ ತಕ್ಷಣ ಗುರುತು ಹಿಡಿದಳು. ಕೂರಿ ಎನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಧ್ಯೆ ಯಾತ್ರಿಕರು ಬಂದರು. ಅವರಿಗೆ ಕಾಯಿ ಕೊಟ್ಟು, ಚಿಲ್ಲರೆ ಕೊಟ್ಟು, ಮತ್ತೆ ನನ್ನ ಕಡೆ ತಿರುಗಿದಳು.

"ನಂಗೆ ನಿಮ್ಮ ಮೇಲೇ ಅನುಮಾನ ಇತ್ತು" ಎಂದಳು. "ಹೇಳಣ ಅಂತ ಬಾಯಿ ತೆಗೆದೆ. 'ಅದು ನಮ್ಮಕ್ಕ ಕರೆದು ಕೊಟ್ಟ ಹಾಲು' ಅಂದ್ರು ಸಾರು. ಅವರ ಮುಖ ನೋಡಿ ಸುಮ್ನಾದೆ."

ಅವಳು ಬುಟ್ಟಿಯ ಕಾಯಿಗಳನ್ನು ಸರಿಸಿ ಜೋಡಿಸಿದಳು.

"ಆಮೇಲೆ ಏನಾಯ್ತು ಗೊತ್ತಾ? ಎಲ್ರೂ ಹೇಳಿ ಹೇಳಿ, ನಾನೇ ಬದಲಾಯ್ಸಿರ್ಬೋದು ಅಂತ ನಂಗೇ ಅನ್ಸಕ್ಕೆ ಶುರುವಾಯ್ತು. ಮನೇಲಿ ಉಪ್ಪು ಯಾವುದು ಸಕ್ಕರೆ ಯಾವುದು ಅಂತ ನಾಲಿಗೆಗೆ ಹಾಕ್ಕೊಂಡು ನೋಡಿ, ಆಮೇಲೂ ಇನ್ನೊಂದ್ಸಲ ನೋಡ್ತೀನಿ. ಅಮ್ಮ ಬಯ್ತಾರೆ." ಚಿಲ್ಲರೆ ಡಬ್ಬಿ ಮುಚ್ಚಿಟ್ಟು ಕೇಳಿದಳು: "ಇದನ್ನ ಇಲ್ಲಿ ನನ್ನ ಹತ್ರ ಹೇಳಿದ್ರಿ. ಮೈಸೂರಿಗೆ ಬಂದು ಅವರ ಮುಂದೆ ಹೇಳ್ತೀರಾ?"

ಹೂಂ ಎಂದು ಬಂದೆ. ಮನೆಯಲ್ಲಿ ಜಗಳವೇ ಆಯಿತು. "ಸತ್ತೋನು ಸತ್ತ. ಈಗ ಓಗಿ ಸೂಜಿ ವಿಸ್ಯ ಒಪ್ಕೊಂಡ್ರೆ ಡೇರಿಲಿ ನಮ್ ಕ್ಯಾನು ಮುಟ್ಟಾರಾ? ಏನ್ ತಿಂತೀಯ?" ಎಂದರು ಯಜಮಾನರು. ಅವರ ಮಾತು ಸುಳ್ಳಾಗಲಿಲ್ಲ. ಮೈಸೂರಿಗೆ ಹೋಗುವ ಮುಂಚೆ ನಾನು ಡೇರಿಯಲ್ಲೂ ಹೇಳಿದೆ, ಮತ್ತು ಸೆಕ್ರೆಟ್ರಿ ಬಹಳ ದಿನ ನಮ್ಮ ಹಾಲು ತೆಗೆದುಕೊಳ್ಳಲಿಲ್ಲ. ಬೀದಿಯ ಹೆಂಗಸರು ಈಗಲೂ ನನ್ನ ಮುಂದೆ ಹಸುವಿನ ಮಾತು ಬಂದರೆ ಮಾತು ತಿರುಗಿಸುತ್ತಾರೆ. ನನ್ನ ತಮ್ಮ ಬಂದರೆ ಗೂಡು ಖಾಲಿ ಮಾಡುತ್ತಿದ್ದವರು ಇವರೇ.

ಮೈಸೂರಿನ ಆಫೀಸಿಗೆ ಹುಡುಗಿಯೂ ನನ್ನ ಜೊತೆ ಬಂದಳು. ಅಲ್ಲಿ ತಮ್ಮನ ಮೇಲಿನವರು ಒಬ್ಬ ದೊಡ್ಡ ಮೇಡಂ. ನನ್ನ ಮಾತು ಪೂರ್ತಿ ಕೇಳಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಆ ಕಪ್ಪು ಹಸು ಈಗಲೂ ಇದೆಯೇನಮ್ಮ?"

"ಅದೆ."

"ಅದೇ ಮೊಲೆಗೆ ಈಗಲೂ ಬಾವು ಬರುತ್ತಾ?"

"ಬತ್ತದೆ."

"ಹಳೆಯ ರೋಗಾಣುವೇ ಇರುತ್ತೆ ಅಂತ ಹೇಳಕ್ಕಾಗಲ್ಲ. ನೋಡೋಣ. ನಿಮ್ಮ ತಮ್ಮ ಆರಿಸಿದ್ದ ಆ ವಸ್ತು ಇನ್ನೂ ನಮ್ಮ ಫ್ರಿಜ್ಜಿನಲ್ಲೇ ಇದೆ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. ಕೆಲಸ ವಾಪಸು ಕೊಡುವುದು ತಮ್ಮೊಬ್ಬರ ಕೈಯಲ್ಲಿಲ್ಲ, ಈ ಹಾಲನ್ನು ಮಾತ್ರ ನೀನೇ ತರಬೇಕು ಎಂದರು. ಅವಳು ತಲೆ ಆಡಿಸಿದಳು. ಆ ಹಾಲಿನ ರೋಗಾಣು ಘಾಟಿಯಾಗಿದ್ದು, ತಮ್ಮನ ಕಲ್ಲು ಅದರ ಪಂಪಿನಲ್ಲಿ ಕೂತರೆ, ಮೊದಲು ಬಂದದ್ದು ನಿಜವಾಗುತ್ತದೆ. ಅವನೂ ಉಳಿಯುತ್ತಾನೆ, ಅವಳೂ ಉಳಿಯುತ್ತಾಳೆ. ಇಲ್ಲದಿದ್ದರೆ ನನ್ನ ಮಾತೊಂದೇ ಸಾಕ್ಷಿ. ನನ್ನ ಮಾತಿಗೆ ಈಗ ಎಷ್ಟು ಬೆಲೆ ಎಂದು ನನಗೂ ಗೊತ್ತು.

ಬಾವು ಬಂದ ದಿನ ಹುಡುಗಿಗೆ ಫೋನು ಮಾಡಿದೆ. ಮೊದಲ ಬಸ್ಸಿಗೇ ಬಂದಳು. ನಾನು ಕೈಕಾಲು ತೊಳೆದು, ಕಪ್ಪು ಹಸುವನ್ನು ಕಟ್ಟಿ, ಕೆಂಪು ಹಸುವನ್ನು ಬೇಕೆಂದೇ ಹಿತ್ತಲಿಗೆ ಹೊಡೆದು ಬಂದಿದ್ದೆ. ಅವಳು ಅದನ್ನು ಗಮನಿಸಿದಳು. ಹತ್ತಿ ತೆಗೆದು ಮೊಲೆಯ ತುದಿ ಒರೆಸಿದಳು. ನಾನು ರೂಢಿಯಂತೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಕೈ ಹಾಕಿದೆ.

"ನೀವು ಕೈ ತೆಗೀರಿ ಅಕ್ಕೋರೆ" ಎಂದಳು. "ನಾನೇ ಕರಕೋತೀನಿ."

ನಾನು ಎದ್ದು ನಾಲ್ಕು ಹೆಜ್ಜೆ ಹಿಂದೆ, ಅವಳಿಗೆ ನನ್ನ ಎರಡು ಕೈಗಳೂ ಕಾಣುವ ಹಾಗೆ ನಿಂತುಕೊಂಡೆ.